ಹೊನ್ನಾರಿನ ಹಗೆ

ದೊಡ್ಡಪ್ಪ ಮುನಿರಾಮಯ್ಯ ಕುಡಿತ ಬಿಟ್ಟದ್ದು ಹೆಂಡತಿಯ ಕಣ್ಣೀರಿಗಲ್ಲ, ದೇವರ ಹರಕೆಗೂ ಅಲ್ಲ. ನನ್ನ ಅಪ್ಪನ ಮೇಲಿನ ಸೇಡಿಗೆ. ಸೇಡು ಕೆಟ್ಟದ್ದೆಂದು ಬುದ್ಧಿ ಹೇಳುವವರು ನಮ್ಮೂರು ಮಧುರೆಗೆ ಬಂದು ಅವನನ್ನು ನೋಡಬೇಕಿತ್ತು.

ಅವನ ಕಿವಿಯಲ್ಲಿ ಯಾರೋ ಸದಾ ಬಯ್ಯುತ್ತಿದ್ದರು. ಆ ದನಿ ಅಡಗಿಸಲು ಸಾರಾಯಿ ಕುಡಿಯುತ್ತಿದ್ದ. ಕುಡಿದಷ್ಟೂ ದನಿ ಜೋರಾಗುತ್ತಿತ್ತು. ಯುಗಾದಿಯ ದಿನ ವರ್ಷದ ಮೊದಲ ನೇಗಿಲು ಹೂಡುವ ಹೊನ್ನಾರು ನಮ್ಮ ಮನೆಯಲ್ಲಿ ಹಿರಿಮಗನ ಹಕ್ಕು. ನಲವತ್ಮೂರನೇ ಇಸವಿಯ ಯುಗಾದಿಯಲ್ಲಿ ಅವನು ಪೂಜೆ ಮಾಡಿದ ನೇಗಿಲಿನ ಮೇಲೇ ಕುಸಿದು ಬಿದ್ದ. ತಮ್ಮನಾದ ನನ್ನ ಅಪ್ಪ ಸೊಣ್ಣಪ್ಪ ಊರವರೆದುರು ನೇಗಿಲು ಕಿತ್ತುಕೊಂಡ.

“ಹುಚ್ಚು ಕುಡುಕನ ಕೈಗೆ ಹೊನ್ನಾರು ಕೊಟ್ರೆ ಬೆಳೆ ಆಯ್ತದಾ? ಇವನು ಸತ್ತ ಅನ್ಕೊಂಡ್ಬಿಡಿ,” ಅಂದ.

ದೊಡ್ಡಮ್ಮ ಕದಿರಮ್ಮ ಗಂಡನನ್ನು ಬೆಂಗಳೂರಿಗೆ ಕರೆದೊಯ್ದು ಮಾನಸಿಕ ಆಸ್ಪತ್ರೆಗೆ ಸೇರಿಸಿದಳು. ಮೈ ನಡುಗಿ, ದನಿಗಳು ಕೆರಳಿ, ಅವನು ಮನೆಗೆ ಹೋಗುತ್ತೇನೆಂದು ಹಠ ಹಿಡಿದ. ದೊಡ್ಡಮ್ಮ ಬೇಡಿಕೊಳ್ಳಲಿಲ್ಲ. ಅವಳೇನು ಕಡಿಮೆ ಘಾಟಿಯಲ್ಲ.

“ಬಾ, ಹೋಗಣ. ಸೊಣ್ಣಪ್ಪ ನಿನ್ನ ನೇಗ್ಲಿಗೆ ಹೊಸ ಕುಳ ಹಾಕ್ಸವ್ನೆ. ಅವನು ಉಳೋದನ್ನ ಬದಿನ ಮ್ಯಾಲೆ ಕೂತ್ಕೊಂಡು ನೋಡುವಂತೆ,” ಅಂದಳು.

ಅವನು ಹಾಸಿಗೆಗೆ ವಾಪಸು ಹೋದ. ಕುಡಿತ ಯಾಕೆ ಬಿಡಬೇಕು ಅನ್ನಿಸಿತೆಂದು ಡಾಕ್ಟರು ಕೇಳಿದ್ದಕ್ಕೆ, “ನನ್ನ ತಮ್ಮನ ಹೊಟ್ಟೆ ಉರಿಸಕ್ಕೆ ಸ್ವಾಮಿ,” ಅಂದನಂತೆ. ಸದ್ಯಕ್ಕೆ ಅದೇ ಸಾಕು, ಇರು ಅಂದರಂತೆ ಅವರು.

ಈ ಸುದ್ದಿ ಕೇಳಿ, ಹೊನ್ನಾರು ಕೈತಪ್ಪುತ್ತದೆಂದು ಅಪ್ಪನಿಗೆ ದಿಗಿಲಾಯಿತು. ಅಣ್ಣನನ್ನು ನೋಡುವ ನೆಪದಲ್ಲಿ ಹೋಗಿ, ಮುದ್ದೆಯ ಗಂಟಿನೊಳಗೆ ಸಾರಾಯಿ ಸೀಸೆ ಅಡಗಿಸಿ ಕೊಟ್ಟು ಬಂದ. ನನ್ನ ಅಪ್ಪನೇ ಆದರೂ ಹೇಳುತ್ತೇನೆ, ಅದು ನೀಚ ಕೆಲಸ. ಕಿವಿಯ ದನಿಗಳೆಲ್ಲ ಕುಡಿ ಕುಡಿ ಅಂದವಂತೆ. ದೊಡ್ಡಪ್ಪ ಸಾರಾಯಿಯನ್ನು ದಾಸವಾಳದ ಬುಡಕ್ಕೆ ಸುರಿದು, ಸೀಸೆಯನ್ನು ಮಾತ್ರ ಜೋಪಾನ ಮಾಡಿದ.

ಮುಂದಿನ ಯುಗಾದಿಗೆ ಹೊನ್ನಾರು ಹೂಡಿದ್ದು ಅವನೇ. ಅಪ್ಪ ನಿಂತಿದ್ದ ಬದುವಿನ ಮೇಲೆ ಆ ಖಾಲಿ ಸೀಸೆ ಇಟ್ಟು ಉತ್ತ. ಪ್ರತಿ ವರ್ಷವೂ ಹಾಗೇ ಮಾಡಿದ. ಅಪ್ಪ ತಲೆ ಎತ್ತುತ್ತಿರಲಿಲ್ಲ. ದನಿಗಳೇನೂ ಪೂರ್ತಿ ನಿಲ್ಲಲಿಲ್ಲ. ಅವನು ಡಾಕ್ಟರ ಹತ್ತಿರ ಹೋಗುವುದನ್ನೂ ನಿಲ್ಲಿಸಲಿಲ್ಲ.

ನಲವತ್ತೊಂಬತ್ತರಲ್ಲಿ ಅಪ್ಪ ತೀರಿಕೊಂಡ. ಇನ್ನು ಯಾರ ಮೇಲಿನ ಹಠಕ್ಕೆ ಕುಡಿಯದೆ ಇರುತ್ತಾನೆಂದು ದೊಡ್ಡಮ್ಮ ಹೆದರಿದಳು. ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ನಮ್ಮಲ್ಲಿ ರೂಢಿ. ಅಪ್ಪ ಜನ್ಮದಲ್ಲಿ ಸಾರಾಯಿ ಮುಟ್ಟಿದವನಲ್ಲ. ದೊಡ್ಡಪ್ಪ ಅದೇ ಸೀಸೆಯ ತುಂಬ ಸಾರಾಯಿ ತಂದು ಎಡೆಯ ಮುಂದೆ ಕೂತು ಲೋಟಕ್ಕೆ ಬಗ್ಗಿಸಿದ. ಲೋಟವನ್ನು ಎಡೆಯ ಪಕ್ಕಕ್ಕೆ ಸರಿಸಿದ.

“ನೀನು ತಂದ ಸೀಸೆ ಕಣೋ, ನೀನೇ ಕುಡಿ. ಬರೋ ಯುಗಾದಿಗೂ ನಾನೇ ಉಳ್ತೀನಿ,” ಅಂದ.