ಇಂಗಿನ ಡಬ್ಬಿಯ ಸಣ್ಣ ಅಕ್ಷರ

ಧೈರ್ಯ ಮಾಡಿ ಉದ್ಯಮಕ್ಕೆ ಇಳಿದವಳು ನಾನಲ್ಲ, ಹೆದರಿ ಇಳಿದವಳು. ಮನೆಯಲ್ಲೇ ಕೂತು ಆನ್‌ಲೈನ್ ವ್ಯಾಪಾರ ಮಾಡುವ ಹೆಂಗಸರ ಬಗ್ಗೆ ಕನಸು, ಛಲ, ಸ್ವಾವಲಂಬನೆ ಎಂದೆಲ್ಲ ಹೇಳುತ್ತಾರೆ. ನನ್ನ ಮಟ್ಟಿಗೆ ಅದೆಲ್ಲ ಸುಳ್ಳು. ಡೊಂಬಿವಲಿಯಿಂದ ಮಹಾಪೆಯ ಒಂದು ಕಚೇರಿಗೆ ಹನ್ನೊಂದು ವರ್ಷ ಲೋಕಲ್ ರೈಲಿನಲ್ಲಿ ಹೋಗಿಬಂದೆ. ಒಂದು ಬೆಳಿಗ್ಗೆ ಗಾಡಿ ಹೊರಟ ಮೇಲೆ ಬಾಗಿಲ ಕಂಬದಿಂದ ಕೈ ಜಾರಿತು. ಒಳಗಿದ್ದ ಯಾರೋ ಪುಣ್ಯಾತ್ಗಿತ್ತಿ ನನ್ನ ಜಡೆ ಹಿಡಿದು ಒಳಗೆಳೆದುಕೊಂಡಳು. ಅವಳ ಮುಖ ನೆನಪಿಲ್ಲ, ನೆತ್ತಿ ಮಾತ್ರ ಮೂರು ದಿನ ಉರಿಯಿತು. ತಿಂಗಳೊಳಗೆ ಕೆಲಸ ಬಿಟ್ಟೆ, ಆಮೇಲೆ ಎರಡು ವರ್ಷ ಒಬ್ಬಳೇ ಗಾಡಿ ಹತ್ತಲಿಲ್ಲ.

ಮನೆಯಲ್ಲಿ ಕೂತು ಏನು ಮಾಡುವುದು ಎಂದು ಬಹಳ ಯೋಚಿಸಿದೆ. ಮೊಬೈಲಿನಲ್ಲಿ ಸೀರೆ ಮಾರುವವರು ನಮ್ಮ ಫ್ಲಾಟುಗಳ ಸೊಸೈಟಿಯಲ್ಲೇ ನಾಲ್ವರಿದ್ದರು. ಆನ್‌ಲೈನ್ ಟ್ಯೂಷನ್‌ಗೆ ಬೇಕಾದ ತಾಳ್ಮೆ ನನಗಿಲ್ಲವೆನ್ನುವುದು ಮಗಳಿಗೆ ಗಣಿತ ಹೇಳಿಕೊಟ್ಟಾಗಲೇ ಇಡೀ ಮಹಡಿಗೆ ಗೊತ್ತಾಗಿತ್ತು. ಕೊನೆಗೆ ಉಳಿದದ್ದು ಅತ್ತೆ ಕಲಿಸಿದ ಸಾರಿನ ಪುಡಿ. ಉಡುಪಿ ಕಡೆಯ ನನ್ನ ಅತ್ತೆ ಕಣ್ಣು ಮುಚ್ಚುವ ತನಕ ಅಂಗಡಿಯ ಪುಡಿಯನ್ನು ಮನೆಯೊಳಗೆ ಬಿಟ್ಟವರಲ್ಲ. ಒಂದೊಂದು ಸಾಮಾನನ್ನೂ ಬೇರೆ ಬೇರೆಯಾಗಿ ತೆಂಗಿನೆಣ್ಣೆಯಲ್ಲಿ ಹುರಿಯಬೇಕು, ಇಂಗಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂದು ನನ್ನ ಕಡೆಗೇ ನೋಡಿ ಹೇಳುತ್ತಿದ್ದರು. ಮಂಗ ಯಾರೆಂದು ನಾನು ಕೇಳಲಿಲ್ಲ.

ಪುಡಿ ಚೆನ್ನಾಗಿ ಮಾರಾಟವಾಯಿತು. ಮೊದಲು ನಮ್ಮ ಕಡೆಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ, ಆಮೇಲೆ ಮಗಳು ಫೋಟೋ ಹಾಕಿದ್ದರಿಂದ ಠಾಣೆ, ಕಲ್ಯಾಣ, ವಿಠ್ಠಲವಾಡಿಯವರೆಗೆ. ಅಂಗಡಿಯ ಇಂಗಿನ ಡಬ್ಬಿಗಳು ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ನಿಂತವು. ಜನ ಹೊಗಳಿದಷ್ಟೂ ನನಗೆ ಹೆದರಿಕೆ ಹೆಚ್ಚುತ್ತಿತ್ತು. ಪುಡಿಯಲ್ಲಿ ಕೂದಲು ಸಿಕ್ಕರೆ? ಪೊಟ್ಟಣಕ್ಕೆ ತೇವ ಹಿಡಿದರೆ? ಎಷ್ಟೋ ಸಲ ಅಂಟಿಸಿದ ಪೊಟ್ಟಣ ಬಿಚ್ಚಿ ಮೂಸಿ ನೋಡಿ ಮತ್ತೆ ಅಂಟಿಸಿದ್ದೇನೆ. ಹೆದರಬೇಕಾದಲ್ಲಿ ಮಾತ್ರ ಹೆದರಲಿಲ್ಲ.

ಆ ವಾಟ್ಸಾಪ್ ಗುಂಪಿನಿಂದಲೇ ನನ್ನ ನಂಬರು ಹುಡುಕಿ ಪನ್ವೇಲ್ ಹತ್ತಿರದ ಕಾಮೋಠೆಯ ಒಬ್ಬಾಕೆ ಮೆಸೇಜು ಮಾಡಿದಳು. ದಕ್ಷಿಣ ಕನ್ನಡದ ಮನೆತನ, ಐದು ವರ್ಷದ ಮಗಳು. ಆ ಮಗುವಿಗೆ ಗೋಧಿ ಆಗುವುದಿಲ್ಲ. ಆಗುವುದಿಲ್ಲವೆಂದರೆ ಬರೀ ಅಜೀರ್ಣವಲ್ಲ, ಚಿಟಿಕೆ ಗೋಧಿ ಹೊಟ್ಟೆಗೆ ಹೋದರೂ ಕರುಳು ಕೆಡುವ ಕಾಯಿಲೆ. ಪುಡಿಯಲ್ಲಿ ಗೋಧಿ ಏನಾದರೂ ಇದೆಯೇ ಅಕ್ಕ ಎಂದು ಎರಡು ಸಲ ಕೇಳಿದಳು. ಸಾರಿನ ಪುಡಿಗೆ ಗೋಧಿ ಯಾರಮ್ಮ ಹಾಕುತ್ತಾರೆ ಎಂದು ಬರೆದು, ಕೆಳಗೆ ಒಂದು ನಗುವ ಮುಖವನ್ನೂ ಇಟ್ಟೆ. ಆಮೇಲೆ ಅವಳು ಒಂದು ಫೋಟೋ ಕಳಿಸಿದ್ದಳು. ಮಗುವಿನ ಎರಡೂ ಕೆನ್ನೆಗೆ ಸಾರನ್ನ ಮೆತ್ತಿತ್ತು. ದಿನವೂ ಇದೇ ಬೇಕಂತೆ, ಬೇರೆ ಏನೂ ಸೇರುವುದಿಲ್ಲವಂತೆ. ನಾನು ಹಿಗ್ಗಿ ಆ ಫೋಟೋವನ್ನು ಮನೆಯವರಿಗೂ ತೋರಿಸಿದ್ದೆ.

ಆರು ವಾರ ಕಳೆಯಿತು. ದೊಡ್ಡ ಆನ್‌ಲೈನ್ ಅಂಗಡಿಯೊಂದರಲ್ಲಿ ಪುಡಿ ಇಡಬೇಕಾದರೆ ಪೊಟ್ಟಣದ ಮೇಲೆ ಪ್ರತಿಯೊಂದು ಸಾಮಾನಿನ ವಿವರ ಅಚ್ಚಾಗಬೇಕು ಎಂದರು. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದ ಮಗಳು ಲೇಬಲ್ ಬರೆಯಲು ಕೂತಳು. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ. ಕೊತ್ತಂಬರಿ, ಜೀರಿಗೆ, ಮೆಂತೆ ಎಂದು ನಾನು ಹೇಳುತ್ತ ಹೋದೆ. ಅವಳು ಇಂಗಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ಅಮ್ಮಾ, ಹಿಂಗ್ ಮೇ ತೋ ಗೇಹೂಂ ಕಾ ಆಟಾ ಹೈ."

ಇಂಗಿನಲ್ಲಿ ಗೋಧಿ ಹಿಟ್ಟು ಎಂದರೆ ನನಗೆ ತಟ್ಟನೆ ಅರ್ಥವಾಗಲಿಲ್ಲ. ಡಬ್ಬಿ ಕಿತ್ತುಕೊಂಡು ಕನ್ನಡಕ ಹಾಕಿ ನೋಡಿದೆ. ಸಾಸಿವೆಯಷ್ಟು ಸಣ್ಣ ಅಕ್ಷರ. ಗೋಂದು, ಗೋಧಿ ಹಿಟ್ಟು, ಇಂಗು. ಇಂಗು ಕೊನೆಗೆ, ಹಿಟ್ಟು ಅದಕ್ಕಿಂತ ಮೊದಲು. ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟೆ. ಅತ್ತೆಯ ಮಾತು ಪಾಲಿಸಿ ನಾನು ಇಂಗನ್ನು ಧಾರಾಳವಾಗಿ ಹಾಕಿದ್ದೆ. ನನ್ನ ಪುಡಿಯ ಹೆಗ್ಗಳಿಕೆಯೇ ಅದು.

ಸಂಜೆ ಮನೆಯವರು ಬಂದರು. ಅವರು ಠಾಣೆಯ ಒಂದು ವೆಜ್ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಅಂಗಡಿಯ ಇಂಗಿಗೆಲ್ಲ ಹಿಟ್ಟು ಬೆರೆಸಿಯೇ ಇರುತ್ತದೆ, ಹೋಟೆಲಿನವರಿಗೆಲ್ಲ ಗೊತ್ತಿರುವ ಸಂಗತಿ ಎಂದರು. ಇಪ್ಪತ್ತೆರಡು ವರ್ಷ ಒಟ್ಟಿಗೆ ಸಾರುಂಡವರು ಇದನ್ನು ಈಗ ಹೇಳಿದರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಅವರು ಮೆತ್ತಗಾಗಿ ಹತ್ತಿರ ಕೂತರು.

"ನೋಡು ಮಾರಾಯ್ತಿ, ಇನ್ನು ಆ ಕಾಮೋಠೆಯವರಿಗೆ ಕೊಡುದು ಬೇಡ. ಸ್ಟಾಕ್ ಇಲ್ಲ ಅಂತ ಹೇಳು. ನೀನಾಗಿ ಹೋಗಿ ಯಾಕೆ ಮೈಮೇಲೆ ಎಳ್ಕೊಳ್ತಿ? ಪೋಲೀಸು, ಕೇಸು ಅಂತ ಆದ್ರೆ ಎಂತ ಮಾಡುದು?"

ಒಳ್ಳೆಯ ಹೆಂಗಸಾಗಿದ್ದರೆ ಆ ಕ್ಷಣವೇ ಫೋನ್ ಮಾಡುತ್ತಿದ್ದೆ. ನಾನು ಮಾಡಲಿಲ್ಲ. ಪೋಲೀಸು ಎಂಬ ಮಾತಿಗೆ ಹೆದರಿ ಮೊಬೈಲನ್ನು ಮಗುಚಿ ಇಟ್ಟೆ. ಮರುದಿನವಿಡೀ ಮೊಬೈಲು ಸದ್ದು ಮಾಡಿದಾಗಲೆಲ್ಲ ಅವಳದೇ ಎಂದು ಓಡಿ ಹೋಗಿ ನೋಡಿದೆ. ಅವಳ ಮೆಸೇಜೇ ಇರಲಿಲ್ಲ, ಅದು ಇನ್ನೂ ಹೆದರಿಸಿತು. ದಿನಕ್ಕೊಮ್ಮೆ ಏನಾದರೂ ಕಳಿಸುತ್ತಿದ್ದವಳು ಮೂರು ವಾರದಿಂದ ಯಾಕೆ ಸುಮ್ಮನಿದ್ದಾಳೆ? ಮಗುವಿನ ಫೋಟೋ ತೆರೆದು ನೋಡಿದೆ. ಅದಕ್ಕಿಂತ ಮೇಲೆ, ಅಳಿಸಲು ಬಾರದಂತೆ, ನಾನು ಬರೆದ ಉತ್ತರ, ಅದರ ಕೆಳಗಿನ ಆ ನಗುವ ಮುಖ.

ಮೂರನೆಯ ದಿನ ಬೆಳಿಗ್ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಆಗಲೂ ಎತ್ತಲಿಲ್ಲ. ಆಸ್ಪತ್ರೆಯಲ್ಲಿರಬೇಕು ಎಂದು ಮನಸ್ಸು ತೀರ್ಮಾನ ಮಾಡಿಬಿಟ್ಟಿತು. ವಿಳಾಸ ನನ್ನ ಕೈಯಲ್ಲೇ ಪೊಟ್ಟಣಗಳ ಮೇಲೆ ಬರೆದದ್ದು, ಬಾಯಿಪಾಠ ಆಗಿತ್ತು. ಇಂಗಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ.

ಎರಡು ಗಾಡಿ ಬಿಟ್ಟೆ. ಮೂರನೆಯದು ಖಾಲಿಯೇ ಇತ್ತು, ಆದರೂ ಕಂಬ ಹಿಡಿದ ಕೈ ಬೆವರಿ ಜಾರುತ್ತಿತ್ತು. ಹತ್ತಿದ ಮೇಲೆ ಜಡೆಯನ್ನು ಮುಂದಕ್ಕೆ ಎಳೆದು ಮಡಿಲಲ್ಲಿ ಹಿಡಿದುಕೊಂಡು ಕೂತೆ. ಠಾಣೆಯಲ್ಲಿ ಪನ್ವೇಲ್ ಗಾಡಿ ಹಿಡಿದೆ. ಕೋಪರ್‌ಖೈರಣೆ ಬಂದಾಗ ಹಳೇ ಅಭ್ಯಾಸದಿಂದ ಎದ್ದು ನಿಂತೆ, ಇಲ್ಲೇ ಇಳಿದು ಆಫೀಸಿಗೆ ಹೋಗುವುದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಮಗುವಿಗೆ ಏನಾಗಿರಬಹುದು, ಅವಳ ಗಂಡ ಕೈ ಎತ್ತಿದರೆ, ಜನ ಸೇರಿದರೆ, ಗುಂಪಿನಲ್ಲಿ ನನ್ನ ಮಾನ ಹರಾಜಾದರೆ ಎಂದು ಒಂದೊಂದಾಗಿ ಹೆದರುತ್ತ ಹೋದೆ. ಹೆದರುವುದಕ್ಕೆ ಇನ್ನೇನೂ ಉಳಿದಿಲ್ಲ ಎನ್ನುವಷ್ಟು ಹೆದರಿ ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು ಕಾಮೋಠೆಗೆ ರಿಕ್ಷಾ ಮಾಡಿದೆ.

ಬಾಗಿಲು ತೆರೆದವಳು ಅವಳೇ. ಮಗು ಸೋಫಾದ ಮೇಲೆ ಮಲಗಿ ಟೀವಿ ನೋಡುತ್ತಿತ್ತು. ಜೀವಂತವಾಗಿದೆ ಎಂದು ದೇವರಿಗೆ ಕೈಮುಗಿದೆ, ಆಮೇಲೆ ಅದರ ಕಡ್ಡಿಯಂಥ ಕಾಲು, ಉಬ್ಬಿದ ಹೊಟ್ಟೆ ಕಣ್ಣಿಗೆ ಬಿತ್ತು. ಆಚೆ ಬಾಲ್ಕನಿಯಲ್ಲಿ ಒಬ್ಬ ಮುದುಕಿ ಮನೆಗೆ ಬೆನ್ನು ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವಳು ಕೂರಿ ಅಕ್ಕ ಎಂದಳು. ನಾನು ಕೂರಲಿಲ್ಲ, ಕೂತರೆ ಹೇಳಲಾರೆ ಎಂದು ಗೊತ್ತಿತ್ತು.

"ಪುಡಿಯಲ್ಲಿ ಗೋಧಿ ಇಲ್ಲ ಅಂದಿದ್ದೆ. ಉಂಟು. ಇಂಗಿಗೆ ಗೋಧಿ ಹಿಟ್ಟು ಬೆರೆಸಿರ್ತಾರೆ. ನಾನು ನೋಡದೆ ಹೇಳಿದ್ದು, ತಪ್ಪು ನಂದು," ಎಂದು ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ.

ಬೈಗುಳಕ್ಕೆ ಕಾದು ನಿಂತೆ. ಅವಳು ಡಬ್ಬಿ ಓದಿದಳು. ನನ್ನನ್ನು ನೋಡಲಿಲ್ಲ, ಬಾಲ್ಕನಿಯ ಕಡೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಮಗುವಿನ ಹೊಟ್ಟೆಗೆ ಎಲ್ಲಿಂದಲೋ ಗೋಧಿ ಹೋಗುತ್ತಿದೆ ಎಂದು ಡಾಕ್ಟರು ಮೂರು ವಾರದ ಹಿಂದೆಯೇ ಹೇಳಿದ್ದರಂತೆ. ಅವಳು ಪಾತ್ರೆ ಬದಲಿಸಿದಳು, ಕಾವಲಿ ಬೇರೆ ಮಾಡಿದಳು, ಅಕ್ಕಿಯನ್ನೂ ಬೇರೆ ಅಂಗಡಿಯಿಂದ ತಂದಳು. ಕೊನೆಗೆ ಉಳಿದ ಅನುಮಾನ ಒಂದೇ, ಅತ್ತೆ. ಹಿಂದೆ ಒಮ್ಮೆ ಮಗು ಅತ್ತಿತೆಂದು ಬಿಸ್ಕತ್ತು ಕೊಟ್ಟವರು. ಈಗಲೂ ಕದ್ದು ಕೊಡುತ್ತಿದ್ದಾರೆ ಎಂದೇ ಅವಳೂ ಗಂಡನೂ ನಂಬಿದರು. ಅತ್ತೆ ದೇವರ ಮೇಲೆ ಆಣೆ ಹಾಕಿದರು, ಮಗುವಿನ ತಲೆಯ ಮೇಲೆ ಕೈಯಿಟ್ಟೂ ಹೇಳಿದರು. ಆದರೂ ಇವರು ನಂಬದೆ, ಮಗುವಿಗೆ ಉಣಿಸುವುದನ್ನು ಅವರಿಂದ ಬಿಡಿಸಿದರು. ಮೊನ್ನೆ ಮಗ ಎಲ್ಲರ ಎದುರು ಗದರಿದ ಮೇಲೆ ಅವರು ಊಟವನ್ನೂ ಬಿಟ್ಟಿದ್ದಾರಂತೆ, ಬರೀ ಕಾಫಿ.

ಮೊನ್ನೆ. ಡಬ್ಬಿಯ ಅಕ್ಷರ ನನಗೆ ಗೊತ್ತಾದ ದಿನ. ಪೋಲೀಸು, ಮಾನ ಎಂದು ಅಷ್ಟೆಲ್ಲ ಹೆದರಿದ್ದೆನಲ್ಲ, ನನ್ನ ತಪ್ಪನ್ನು ಹೊತ್ತು ಕೂತವರು ಹೀಗೊಬ್ಬರು ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅವಳು ಬಾಲ್ಕನಿಗೆ ಹೋಗಿ ಅತ್ತೆಯ ಕುರ್ಚಿಯ ಹತ್ತಿರ ಬಗ್ಗಿದಳು. "ಅತ್ತೆ, ನೀವಲ್ಲ," ಎಂದಳು.

ಅವರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ನಾನು ಅದೇ ಮಾತನ್ನು ಅವರಿಗೂ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ. ಎರಡು ದಿನ ಮೊದಲೇ ನನಗೆ ಗೊತ್ತಿತ್ತು ಎನ್ನುವುದನ್ನೂ ಹೇಳಿದೆ. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ನಾನು ಹೇಳಿದ್ದರಲ್ಲಿ ಅವರಿಗೆ ಬೇಕಾಗಿದ್ದದ್ದು ಒಂದೇ ಸಂಗತಿ. ಅದನ್ನು ಅವರು ಸೊಸೆಯ ಹತ್ತಿರ ಕೇಳಿದರು.

"ಹಾಗಾದ್ರೆ ಇವತ್ತು ಮಗುವಿಗೆ ನಾನು ಉಣಿಸ್ಲಾ?"

ಸೊಸೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವರು ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತಿದ್ದರು.