ಹೇಸರಗತ್ತೆಯ ಹಿಂಗಾಲು

ಸುರಪುರದ ಹತ್ತಿರ ನಮ್ಮದೊಂದು ಸಣ್ಣ ಇಟ್ಟಂಗಿ ಭಟ್ಟಿ. ಮಣ್ಣು ಹೊರಲು ಗಂಡ ಒಂದು ಹೇಸರಗತ್ತೆ ತಂದರು. ಮೊದಲಿನ ಮಾಲೀಕ ಅದನ್ನು ಹೊಡೆದೇ ಪಳಗಿಸಿದ್ದನಂತೆ. ತಂದ ವಾರದಲ್ಲೇ ಅದು ಒದ್ದು ಗಂಡನ ಎರಡು ಪಕ್ಕೆಲುಬು ಮುರಿಯಿತು. ಅವರು ಶಹಾಪುರದ ಆಸ್ಪತ್ರೆ ಸೇರಿದರು. ಮನೆಯಲ್ಲಿ ಉಳಿದದ್ದು ನಾನು, ಅತ್ತೆ ಮತ್ತು ಹಿಂದಿನ ಗೊರಸು ಬಿರುಕುಬಿಟ್ಟ ಆ ಪ್ರಾಣಿ. ಔಷಧ ಹಚ್ಚಬೇಕಾದವಳು ನಾನು.

ಮೇವು ಎಸೆದು ಓಡಿಬರುತ್ತಿದ್ದೆ. ಅದು ಕಿವಿಯನ್ನು ಹಿಂದಕ್ಕೆ ಒತ್ತಿದರೆ ಬಾಗಿಲು ಸೇರುವವರೆಗೂ ತಿರುಗಿ ನೋಡುತ್ತಿರಲಿಲ್ಲ.

ದನದ ಡಾಕ್ಟರಮ್ಮ ಬಂದು ನೋಡಿದರು. "ಕಟ್ಟಿ ಕೆಡವಬ್ಯಾಡ್ರಿ. ನಿಮಗಿಂತ ಹೆಚ್ಚು ಅದಕ್ಕ ಅಂಜಿಕಿ ಅದ. ಹಿಂದ ಹೋಗದ ಭುಜದ ಕಡೆ ನಿಂದರ್ರಿ. ಸುಮ್ಮನ ನಿಂತ್ರ ನಾಲಿಗಿ ಲೊಚ್ ಅನಿಸಿ ಗಜ್ಜರಿ ತುಂಡು ಕೊಡ್ರಿ."

"ಒದ್ರ ಏನ್ ಮಾಡ್ಲಿರಿ?"

"ಒದಿಯೂಮಟ ಕಾಯಬ್ಯಾಡ್ರಿ. ಕಿವಿ ಹಿಂದಕ್ಕ ಹೋತಂದ್ರ ನೀವೂ ಹಿಂದಕ್ಕ ಸರೀರಿ."

ಮೊದಲು ಗಜ್ಜರಿಯನ್ನು ಅಡ್ಡಗಳುವಿನ ಆಚೆಯ ಬುಟ್ಟಿಗೆ ಹಾಕಿದೆ. ನಾಲ್ಕು ದಿನದ ಮೇಲೆ ಅಂಗೈ ಚಪ್ಪಟೆ ಮಾಡಿ ಹಿಡಿದೆ. ಆ ಬೆಚ್ಚನೆಯ ತುಟಿ ತಾಗಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ಕಾಲು ಮುಟ್ಟಲು ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ ತಂದರೆ, ಕೋಲು ನೋಡಿಯೇ ಅದರ ಮೈ ನಡುಗಿತು. ಎರಡು ದಿನ ಮುಟ್ಟಲಿಲ್ಲ. ಕೋಲು ತೋರಿಸುವುದು, ಗಜ್ಜರಿ ಕೊಡುವುದು, ಅಷ್ಟೇ. ಮೂರನೆಯ ದಿನದಿಂದ ಆ ಕೋಲಿನಿಂದಲೇ ಮೆಲ್ಲಗೆ ಕಾಲು ಸವರತೊಡಗಿದೆ.

"ಬ್ಯಾಡ ನಮ್ಮವ್ವ, ನೀನೂ ದವಾಖಾನಿ ಸೇರತಿ," ಎಂದು ಅತ್ತೆ ಬಾಗಿಲಲ್ಲಿ ಅಳುತ್ತಿದ್ದರು.

ಕೊನೆಗೆ ಕೈಯಿಂದಲೇ ಕಾಲು ಹಿಡಿಯುವ ದಿನ ಬಂತು. ನನ್ನೊಬ್ಬಳನ್ನೇ ಬಿಡಲಾರದೆ ಅತ್ತೆಯೇ ಮುಂದೆ ನಿಂತು ಗಜ್ಜರಿ ಕೊಡತೊಡಗಿದರು. ನಾನು ಬದಿಗೆ ನಿಂತು ಗೊರಸು ಎತ್ತಿದೆ. ಅಷ್ಟರಲ್ಲಿ ಗಾಳಿಗೆ ಭಟ್ಟಿಯ ತಗಡೊಂದು ಧಡಾರನೆ ಬಿತ್ತು. ಹೇಸರಗತ್ತೆಯ ತೊಡೆ ಕಲ್ಲಿನಂತೆ ಬಿಗಿಯಿತು. ಗಂಡ ನೆಲದಲ್ಲಿ ಬಿದ್ದು ಉಸಿರಿಗೆ ಒದ್ದಾಡಿದ್ದೇ ಕಣ್ಮುಂದೆ ಬಂತು. ಕೈ ಬಿಟ್ಟು ಭುಜದ ಕಡೆ ಸರಿದೆ. ಅದು ಕಾಲು ಕೆಳಗಿಟ್ಟಿತು. ಒದೆಯಲಿಲ್ಲ. ನಾಲಿಗೆ ಒಣಗಿ ಲೊಚ್ ಎನ್ನಲೂ ಬರಲಿಲ್ಲ. ಅತ್ತೆಯೇ ಲೊಚ್ ಅಂದರು, ಗಜ್ಜರಿಯನ್ನೂ ಕೊಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಕಾಲು ಎತ್ತಿ ಔಷಧ ಹಚ್ಚಿದೆ.

ಗಂಡ ಮನೆಗೆ ಬಂದಾಗ ಗೊರಸಿನ ಬಿರುಕು ಕೂಡುತ್ತಿತ್ತು. "ಅಂಜಿಕಿ ಹೋತೇನು ನಿನಗ?" ಎಂದರು.

"ಇಲ್ರಿ. ದಿನಾ ಅಂಜಕೋತನ ಹಿಡೀತೀನಿ."

ಅವರು ಕಂಬ ಹಿಡಿದು ದೂರದಲ್ಲೇ ನಿಂತರು. ಹೇಸರಗತ್ತೆಯ ಹತ್ತಿರ ಬರಲು ಅವರಿಗೆ ಇನ್ನೂ ಎಂಟು ದಿನ ಹಿಡಿಯಿತು.