ಮೂರನೇ ಪರದೆಯ ವಿಳಾಸ

ಇನ್ನೊಬ್ಬರು ಬರೆದದ್ದನ್ನು ಓದಿ ಕೊಂಕು ತೆಗೆಯುವುದು ನನ್ನ ಉದ್ಯೋಗ. ಬ್ರಹ್ಮಾವರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಗ್ರಾಫಿಕ್ಸ್ ಡ್ರೈವರ್‌ಗೆ, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೆ, ಯಾರ್ಯಾರೋ ಕಳಿಸುವ ತಿದ್ದುಪಡಿಗಳನ್ನು ಪರಿಶೀಲಿಸುತ್ತೇನೆ. ನಾನಾಗಿ ಒಂದು ಸಾಲು ಬರೆದು ಎಷ್ಟು ಕಾಲವಾಯಿತೋ, ಅದನ್ನು ಯಾರೂ ಕೇಳುವುದಿಲ್ಲ. ಈ ಹುದ್ದೆಯ ಸುಖವೇ ಅದು.

ಆ ಚಿಪ್ಪಿನೊಳಗೆ ರಿಜಿಸ್ಟರ್ ಎಂಬ ಪುಟ್ಟ ಪುಟ್ಟ ಗೂಡುಗಳಿರುತ್ತವೆ. ಪ್ರತಿ ಗೂಡಿಗೂ ಒಂದು ವಿಳಾಸ. ಆ ವಿಳಾಸವನ್ನು ಲೆಕ್ಕ ಹಾಕಿಕೊಡುವ ಒಂದು ಸಾಲಿನ ಸೂತ್ರಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಸರಿಯಾದ ಗೂಡಿಗೆ ಬರೆದರೆ ಪರದೆ ಬೆಳಗುತ್ತದೆ, ತಪ್ಪಿದರೆ ಕಪ್ಪಾಗಿ ಕೂರುತ್ತದೆ.

ಕಳೆದ ವರ್ಷ ಹೊಸಬರೊಬ್ಬರ ತಿದ್ದುಪಡಿ ಬಂತು. ಕೊನೆಯಲ್ಲಿ ರಿಪೇರಿ ಬಿಲ್ಲಿನಲ್ಲಿ ಹಾಕುವ ಹಾಗೆ ಅಂಗಡಿಯ ಫೋನ್ ನಂಬರು, ಕೆಳಗೆ ಬೈಂದೂರು ಎಂದು ಊರ ಹೆಸರು. ನನಗೆ ನಗು ಬಂತು. ಬಸ್ಸು ಹತ್ತಿದರೆ ಸಿಗುವ ಮನುಷ್ಯ. ಆದರೂ ನಾವಿಬ್ಬರೂ ಇಂಗ್ಲಿಷಿನಲ್ಲೇ ಪತ್ರ ಬರೆದುಕೊಂಡೆವು, ಘನತೆ ಕಾಪಾಡಬೇಕಲ್ಲ! ಅವರದು ಟಿ.ವಿ. ರಿಪೇರಿ ಅಂಗಡಿ. ಐಸ್ ಪ್ಲಾಂಟ್ ಒಂದಕ್ಕೆ ಮೂರು ಕೋಣೆಗಳ ಉಷ್ಣಾಂಶ ತೋರಿಸುವ ಮೂರು ಪರದೆ ಜೋಡಿಸುತ್ತಿದ್ದರು. ತಿದ್ದುಪಡಿ ಡ್ರೈವರಿನೊಳಗೆ ಸೇರಿದರೆ, ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಕೈಯಾರೆ ಸರಿಪಡಿಸುವ ಪಾಡು ಅವರಿಗೆ ತಪ್ಪುತ್ತಿತ್ತು.

ಚಿಪ್ಪಿನ ಕೈಪಿಡಿಯಲ್ಲಿ ಮೊದಲ ಎರಡು ಪರದೆಗಳ ವಿಳಾಸವಷ್ಟೇ ಇತ್ತು. ಒಂದರಿಂದ ಎರಡಕ್ಕೆ ಎಷ್ಟು ದೂರವೋ ಎರಡರಿಂದ ಮೂರಕ್ಕೂ ಅಷ್ಟೇ ಇರಬೇಕು ತಾನೆ? ಈ ಮನುಷ್ಯ ಮಾತ್ರ ಮೂರನೆಯದಕ್ಕೆ ಎಲ್ಲೋ ದೂರದ ಒಂದು ಸಂಖ್ಯೆಯನ್ನು ನೇರವಾಗಿ ಬರೆದಿದ್ದರು. ನನಗೆ ಹಬ್ಬ. "ಎಲ್ಲಿಂದಲೋ ಹೆಕ್ಕಿದ ಸಂಖ್ಯೆಗಳಿಗೆ ಇಲ್ಲಿ ಜಾಗವಿಲ್ಲ. ಸೂತ್ರ ಬಳಸಿ" ಎಂದು ಖಡಕ್ಕಾಗಿ ಬರೆದೆ.

ಹೆಂಡತಿ ಅಂಚೆ ಹಂಚಿ ಆಗಷ್ಟೇ ಬಂದಿದ್ದಳು. ಅವಳ ಕೆಲಸ ಬಾರ್ಕೂರಿನ ಕಡೆಗೆ. ನನ್ನ ಮುಖದ ಸಂತೋಷ ಕಂಡು ವಿಷಯ ಕೇಳಿದಳು. ಹೇಳಿದೆ.

"ಹ್ವಾಯ್, ಮೂರ್ನೇದ್ ಅಲ್ಲೇ ಇತ್ತ್ ಅಂದೇಳಿ ನೀವ್ ಹೋಯ್ ಕಂಡ್ರ್ಯಾ?"

"ಲೆಕ್ಕ ಹಾಕಿದ್ರೆ ಗೊತ್ತಾತ್ತಲೆ, ಮಾರಾಯ್ತಿ."

"ಹೌದಾ? ನನ್ ಬೀಟಲ್ಲಿ ಒಂದ್, ಎರಡ್ ನಂಬ್ರದ್ ಮನಿ ಒತ್ತಿಗಿತ್ತ್. ಮೂರ್ನೇದ್ ಹೊಳಿ ಆಚಿಗ್. ಅಣ್ಣ ತಮ್ಮಂದಿರ್ ಆಸ್ತಿ ಹಿಸೆ ಆಯ್ ಹೋಪತಿಗೆ ತಮ್ಮ ಮನಿ ನಂಬ್ರನೂ ಹೊತ್ಕಂಡ್ ಹೋಯಿದ."

ಪಂಚಾಯತಿನ ಮನೆ ನಂಬರಿಗೂ ಚಿಪ್ಪಿನ ವಿಳಾಸಕ್ಕೂ ಇರುವ ವ್ಯತ್ಯಾಸವನ್ನು ನಾನು ಬಹಳ ತಾಳ್ಮೆಯಿಂದ ವಿವರಿಸಿದೆ. ಅವಳು ಅರ್ಧದಲ್ಲೇ ಎದ್ದು ಕೈಕಾಲು ತೊಳೆಯಲು ಹೋದಳು. ಆ ಚಿಪ್ಪಿನ ಬೋರ್ಡು ನನ್ನಲ್ಲಿರಲಿಲ್ಲ, ಅದನ್ನು ಕಣ್ಣಲ್ಲೂ ಕಂಡಿರಲಿಲ್ಲ. ಅದನ್ನು ಮಾತ್ರ ಹೇಳಲಿಲ್ಲ.

ಬೈಂದೂರಿನವರು ಮರುದಿನವೇ ನಾನು ಹೇಳಿದ ಹಾಗೆ ತಿದ್ದಿ ಕಳಿಸಿದರು, ಮೇಲೆ ಧನ್ಯವಾದ ಬೇರೆ. ನಾನು ಒಪ್ಪಿಗೆಯ ಮುದ್ರೆ ಒತ್ತಿದೆ. ತಿಂಗಳು ಕಳೆದ ಮೇಲೆ ಚಿಪ್ ತಯಾರಿಸುವ ಕಂಪನಿಯ ಎಂಜಿನಿಯರೊಬ್ಬರು ಬರೆದರು: ಮೂರನೇ ಪರದೆಯ ಗೂಡು ಆಮೇಲೆ ಸೇರಿಸಿದ್ದು, ಅದು ಬೇರೆ ಕಡೆ ಇದೆ. ಕೊಟ್ಟ ಸಂಖ್ಯೆ ನೋಡಿದೆ. ನಾನು ಹೊಡೆದುಹಾಕಿಸಿದ್ದ ಅದೇ ಸಂಖ್ಯೆ.

ಮೊದಲು ಬಂದದ್ದು ನಾಚಿಕೆಯಲ್ಲ, ಕೈಪಿಡಿಯ ಮೇಲೆ ಸಿಟ್ಟು. ನಾಚಿಕೆ ಬರಲು ಮಧ್ಯಾಹ್ನದ ಊಟ ಆಗಬೇಕಾಯಿತು. ಫೋನ್ ಮಾಡುವ ಧೈರ್ಯ ಬರಲಿಲ್ಲ, ಮಾರನೆಯ ದಿನ ಬಸ್ಸು ಹತ್ತಿ ಹೋದೆ.

ಅಂಗಡಿಯಲ್ಲಿದ್ದವರು ನನಗಿಂತ ಹಿರಿಯರು. ನಾನು ಯಾರೆಂದು ಹೇಳಿದ್ದೇ ತಡ, ಕುರ್ಚಿ ಒರೆಸಿ ಕೂರಿಸಿ, ಚಾ ತರಿಸಿದರು. ಮೇಜಿನ ಮೇಲೆ ಎರಡು ಪರದೆಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು.

"ಇದ್ ಎಂತ ಆಯಿತ್?" ಎಂದೆ.

"ನೀವ್ ಹೇಳ್ದಂಗೆ ತಿದ್ದಿದ್ ಮೇಲೆ ಮೂರ್ನೇದ್ ಕಪ್ಪಾಯ್ತ್ ಸಾರ್. ಸ್ಕ್ರೀನೇ ಹಾಳಾಯ್ತ್ ಅಂದ್ಕಂಡ್ ಬಿಚ್ಚಿದೆ. ಹೊಸದ್ ತಂದ್ ಹಾಕ್ದೆ, ಅದೂ ಕಪ್ಪ್. ಅದನ್ನೂ ಬಿಚ್ಚಿದೆ. ಐಸ್ ಪ್ಲಾಂಟಿನವ್ರ್ ಬೇರೆಯವ್ರ ಹತ್ರ ಹೋದ್ರ್."

"ನಿಮ್ ಮೊದ್ಲಿನ ಸಂಖ್ಯೆಗೆ ಸ್ಕ್ರೀನ್ ಹತ್ತಿತ್ತಲೆ?"

"ಹತ್ತಿತ್ತ್. ಒಂದೊಂದೇ ಸಂಖ್ಯೆ ಹಾಕಿ ಕಂಡ್, ಇಪ್ಪತ್ ದಿನ ಹುಡ್ಕಿದ್ದ್. ಆರೆ ನೀವ್ ಅಷ್ಟ್ ಗಟ್ಟಿಯಾಯ್ ಬರ್ದಿರಿ. ತಪ್ಪ್ ನಂದೇ ಆಯ್ಕ್ ಅಂದ್ಕಂಡೆ."

ಕ್ಷಮೆಯ ಮಾತುಗಳನ್ನೆಲ್ಲ ಬರುವಾಗ ಬಸ್ಸಿನಲ್ಲೇ ಕಲಿತು ಬಂದಿದ್ದೆ. "ತಪ್ಪ್ ನಂದ್. ನಿಮ್ದೇ ಸರಿ ಇದ್ದದ್ದ್. ಮೊದ್ಲ್ ಬರ್ದಂಗೇ ಇನ್ನೊಂದ್ ಸಲ ಕಳ್ಸಿ" ಎಂದಷ್ಟೇ ಹೇಳಿದೆ.

ಅವರು ಕಂಪ್ಯೂಟರಿನಲ್ಲಿ ಹಳೆಯ ತಿದ್ದುಪಡಿ ತೆರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಪೆನ್ನು, ಕಾಗದ ಹಿಡಿದು ನನ್ನ ಎದುರು ಕುಳಿತರು.

"ಹೇಳಿ ಸಾರ್, ಈ ಸಲ ಎಲ್ಲೆಲ್ಲಿ ತಿದ್ದ್ಕ್?"

ಆ ಮಾತಿನಲ್ಲಿ ಕೊಂಕು ಇದೆಯೋ ಎಂದು ಹುಡುಕಿದೆ. ಇರಲಿಲ್ಲ.